ಅತ್ತೆ ಹಾಕಿದ ಗಂಟು

ನಮ್ಮತ್ತೆ ಯಶೋದಮ್ಮ ಹಾಕಿದ ಗಂಟನ್ನು ಅವರೇ ಬಿಚ್ಚಬೇಕು. ಕರುವಿನ ಹಗ್ಗವಾಗಲಿ, ರಾಗಿ ಚೀಲದ ಬಾಯಾಗಲಿ, ಮೂರು ಸುತ್ತು ಸುತ್ತಿ ಒಳಗಿನಿಂದ ಎಳೆದರೆ ಮುಗಿಯಿತು, ಉಳಿದವರು ಕುಡುಗೋಲು ಹುಡುಕಬೇಕು. ಈ ಸಲ ಗೌರಿಹಬ್ಬಕ್ಕೆ ಮಣ್ಣಿನ ಗೌರಿಯ ಕೊರಳಿಗೆ ತಮ್ಮ ಚಿನ್ನದ ಅಡ್ಡಿಕೆಯನ್ನು ಕೆಂಪು ದಾರದಲ್ಲಿ ಕಟ್ಟಿದವರೂ ಅವರೇ.

ಅಲಂಕಾರ ಮಾಡಿದವರೇ ಒಡವೆ ತೆಗೆಯಬೇಕು, ಆಮೇಲೆ ಸೊಸೆ ಗೌರಿಯನ್ನು ಹೊತ್ತು ಹೊಳೆಗೆ ಬಿಡಬೇಕು, ಇದು ನಮ್ಮ ಮನೆಯ ಪದ್ಧತಿ. ನಾನು ಹೊತ್ತೆ, ಬಿಟ್ಟೆ. ಸೆರಗು ಹೊದ್ದ ಗೌರಿಯ ಕೊರಳನ್ನು ಯಾರು ಇಣುಕಿ ನೋಡುತ್ತಾರೆ? ಮನೆಗೆ ಬಂದು ಒಡವೆ ಡಬ್ಬಿ ತೆಗೆದರೆ ಅಡ್ಡಿಕೆ ಇಲ್ಲ. ಅರಿಶಿನ ಕುಂಕುಮಕ್ಕೆ ಬಂದಿದ್ದ ಹೆಂಗಸರೆಲ್ಲ ಜಗುಲಿಯ ಮೇಲಿದ್ದರು. ಅವರೆದುರೇ ಅತ್ತೆ ಕೇಳಿದರು.

"ನಾನೇ ಬಿಚ್ಚಿ ನಿನ್ ಕೈಗೆ ಕೊಟ್ನಲ್ಲ ಕಣವ್ವ. ಎಲ್ಲಿಗ್ ಸಾಗ್ಸಿದೆ?"

ಎಲ್ಲಿಗೆ ಎಂದರೆ ರಾವಂದೂರಿನ ನನ್ನ ತವರಿಗೆ ಎಂದು ಎಲ್ಲರಿಗೂ ಅರ್ಥವಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನಪ್ಪನ ಮನೆಯಲ್ಲಿ ಚಿನ್ನವಿಲ್ಲ, ನಿಜ. ಕಳ್ಳರೂ ಇಲ್ಲ.

ಅಡ್ಡಿಕೆ ಗೌರಿಯ ಕೊರಳಲ್ಲೇ ಹೊಳೆ ಸೇರಿರಬೇಕು. ಕಾವೇರಿಯ ನೀರು ಇಳಿಯುವವರೆಗೆ ಹಲ್ಲು ಕಚ್ಚಿ ಕಾದೆ. ಅಷ್ಟರಲ್ಲಿ ನನ್ನ ಗಂಡ ಶಿವಶಂಕರ ಕೆ.ಆರ್. ನಗರದ ಕಡೆಯ ಮುಳುಗುಗಾರನೊಬ್ಬನನ್ನು ವಿಚಾರಿಸಿಕೊಂಡು ಬಂದರು. ಅವನು ಕೇಳಿದ ಕೂಲಿಗೆ ಹೊಸ ಅಡ್ಡಿಕೆಯೇ ಬರುತ್ತಿತ್ತು. ಹಾಗಾದರೆ ನಾನೇ ಮುಳುಗುತ್ತೇನೆ ಎಂದೆ. ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವಳು, ಎದೆಮಟ್ಟದ ನೀರಿಗೆ ಹೆದರುತ್ತೇನೆಯೇ?

ಸಂತೆಯಲ್ಲಿ ಮಕ್ಕಳ ಈಜುಕನ್ನಡಕ ತಂದೆ. ಟ್ರ್ಯಾಕ್ಟರಿನ ಹಳೆಯ ಟ್ಯೂಬು, ಬಾವಿಯ ಹಗ್ಗ, ಅಕ್ಕಿ ಜರಡಿ ಮನೆಯಲ್ಲೇ ಇದ್ದವು. ನೀರಿನಡಿ ನಿಲ್ಲಲು ಸೊಂಟಕ್ಕೆ ಕಲ್ಲಿನ ಚೀಲ ಕಟ್ಟಿಕೊಂಡೆ. ಎಳೆದರೆ ತಟ್ಟನೆ ಬಿಚ್ಚಿಕೊಳ್ಳುವ ಗಂಟು, ಅತ್ತೆಯ ಗಂಟಲ್ಲ.

ಹೆಂಗಸು ಹೊಳೆಯಲ್ಲಿ ಮುಳುಗುತ್ತಾಳೆಂದು ಮೆಟ್ಟಿಲ ಮೇಲೆ ಊರೇ ನೆರೆದಿತ್ತು. ಅತ್ತೆ ಮಾತ್ರ ಬರಲಿಲ್ಲ. ಪಕ್ಕದ ಮನೆಯ ಚಿಕ್ಕಬಸಮ್ಮ ಅಡ್ಡ ಬಂದರು. ಗಂಗಮ್ಮನಿಗೆ ಬಿಟ್ಟದ್ದನ್ನು ತಿರುಗಿ ಎತ್ತಬಾರದು, ಮನೆಗೆ ಆಗಿಬರುವುದಿಲ್ಲ ಎಂದರು. ಜಗುಲಿಯ ಮೇಲೆ ಅತ್ತೆಯ ಮಾತಿಗೆ ತಲೆದೂಗಿದ್ದವರೂ ಅವರೇ.

"ಗೌರಿ ಜೊತೆ ಓಗೈತೆ ಅಂದ್ರೆ ನಾನ್ ಕದ್ದಿಲ್ಲ. ನಾನ್ ಕದ್ದಿವ್ನಿ ಅಂದ್ರೆ ಅದು ನೀರಲ್ಲಿಲ್ಲ. ಎರಡ್ರಲ್ಲಿ ಒಂದ್ ಏಳ್ಬುಡಿ ದೊಡ್ಡವ್ವ" ಎಂದೆ.

ಅವರು ಮೇಲಿನ ಮೆಟ್ಟಿಲಿಗೆ ಹೋಗಿ ಕುಳಿತರು.

ಹಗ್ಗದ ಒಂದು ತುದಿ ಮೆಟ್ಟಿಲ ಬಳಿ ಶಿವಶಂಕರರ ಕೈಯಲ್ಲಿ, ಇನ್ನೊಂದು ನನ್ನ ತೋಳಿನಲ್ಲಿ. ಗೂಟಕ್ಕೆ ಕಟ್ಟಿದ ಹಸುವಿನಂತೆ ಅರ್ಧ ಸುತ್ತು ತಡಕುವುದು, ಹಗ್ಗ ಒಂದು ಮೊಳ ಸಡಿಲಿಸಿಕೊಂಡು ಮತ್ತೆ ತಡಕುವುದು. ಕೆಸರು ಕಲಕಿದರೆ ಕಣ್ಣು ಕುರುಡು, ಆದ್ದರಿಂದ ನೀರು ಬರುವ ದಿಕ್ಕಿಗೇ ಮುಖ ಮಾಡಿದೆ. ಬೊಗಸೆ ಬೊಗಸೆ ಮಣ್ಣು ಎತ್ತಿ ಟ್ಯೂಬಿನ ಮೇಲಿನ ಜರಡಿಗೆ ಸುರಿದೆ. ಬಳೆ ಚೂರು, ನಾಣ್ಯ, ಯಾರದೋ ಗಣಪತಿಯ ಸೊಂಡಿಲ ತಂತಿ ಸಿಕ್ಕವು. ಕನ್ನಡಕದೊಳಗೆ ನೀರು ನುಗ್ಗಿ ಕಣ್ಣು ಉರಿಯುತ್ತಿತ್ತು. ಸಾಕು ಬಾ ಎಂದು ಗಂಡ ಎರಡು ಸಲ ಕರೆದರು. ಹಗ್ಗ ಇನ್ನೊಂದು ಮೊಳ ಬಿಡಿ ಎಂದೆ.

ಊಟದ ಹೊತ್ತು ಮೀರಿದ ಮೇಲೆ, ಎರಡು ಕಲ್ಲುಗಳ ಸಂದಿಯಲ್ಲಿ, ಬೆರಳಿಗೆ ದಾರ ತಾಗಿತು.

ಒದ್ದೆ ಬಟ್ಟೆಯಲ್ಲೇ ನಡೆದು ಅದೇ ಜಗುಲಿಯ ಮುಂದೆ ನಿಂತೆ. ಹೊಳೆಯಲ್ಲಿದ್ದವರೆಲ್ಲ ಹಿಂದೆಯೇ ಬಂದಿದ್ದರು. ಅಡ್ಡಿಕೆ ಕಂಡದ್ದೇ ಅತ್ತೆಯ ಮುಖ ಅರಳಿತು, ಕೈ ಚಾಚಿದರು. ನಾನು ಅದನ್ನು ತಿರುಗಿಸಿ ಹಿಂಬದಿ ತೋರಿಸಿದೆ. ಮಣ್ಣಿನ ಕೊರಳು ಕರಗಿಹೋಗಿತ್ತು. ಕೆಂಪು ದಾರ ಹಾಗೇ ಇತ್ತು, ಮೂರು ಸುತ್ತಿನ ಗಂಟೂ ಹಾಗೇ ಇತ್ತು.

ಅವರ ಅಂಗೈ ಮೇಲೆ ಇಟ್ಟೆ.

"ಬಿಚ್ಚಿ ಕೊಟ್ಟೆ ಅಂದ್ರಲ್ಲ ಅತ್ತೆ. ಈಗ ಬಿಚ್ಚಿ."

ಅತ್ತೆ ಉಗುರು ಹಾಕಿದರು, ಹಲ್ಲು ಹಾಕಿದರು. ನೆನೆದ ದಾರ ಅವರ ಕೈಗೂ ಬಗ್ಗಲಿಲ್ಲ. ಚಿಕ್ಕಬಸಮ್ಮ ಕುಡುಗೋಲು ತರಲು ಎದ್ದರು. ಬೇಡ, ಕುಳಿತುಕೊಳ್ಳಿ, ಅವರೇ ಬಿಚ್ಚಲಿ ಎಂದೆ, ಮತ್ತು ತಲೆಯಿಂದ ನೀರು ಸುರಿಯುತ್ತಿದ್ದರೂ ಅಲ್ಲೇ ನಿಂತುಕೊಂಡೆ.