ಗಾಳದ ಗುರುತು

ಮೀನಿನ ಬಾಯಿ ನೋಡಿ ಅದು ಸತ್ತದ್ದು ಹೇಗೆಂದು ಹೇಳಬಲ್ಲವಳು ಆ ಕಾರ್ಖಾನೆಯಲ್ಲಿ ಒಬ್ಬಳೇ ಇದ್ದಳು. ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಅಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೀಲ್ ಮೇಜಿನ ಮುಂದೆ ನಿಂತು ಟ್ಯೂನಾ ಮೀನಿನ ತಲೆ ಕತ್ತರಿಸಿ, ಹೊಟ್ಟೆ ಬಗೆದು, ಮುಂದಕ್ಕೆ ತಳ್ಳುವುದು ಅವಳ ಕೆಲಸ. ಅಲ್ಲಿಂದ ಮೀನು ಬೇಯಲು ಹೋಗುತ್ತದೆ, ಆಮೇಲೆ ಡಬ್ಬಿಗೆ. ಡಬ್ಬಿ ಸೇರಿದ ಮೇಲೆ ಎಲ್ಲ ಮೀನೂ ಒಂದೇ, ಯಾರ ಹಣೆಬರಹವನ್ನೂ ಯಾರೂ ಓದಲಾರರು. ಮೇಜಿನ ಮೇಲೆ ಹಾಗಲ್ಲ.

ದೊಡ್ಡ ಹಡಗಿನ ಬಲೆಗೆ ಬಿದ್ದ ಮೀನು ಸಾವಿರಾರು ಮೀನುಗಳ ಭಾರದಡಿ ನಲುಗಿ ಬಂದಿರುತ್ತದೆ. ಪಕ್ಕೆಯ ಮೇಲೆ ಬಲೆಯ ಗೆರೆ, ಕಣ್ಣಿನ ಸುತ್ತ ರಕ್ತ. ಕೋಲಿಗೆ ಕಟ್ಟಿದ ಗಾಳದಲ್ಲಿ ಒಂದೊಂದಾಗಿ ಎತ್ತಿದ ಮೀನಿನ ಮೈ ನುಣುಪು. ತುಟಿಯ ಅಂಚಿನಲ್ಲಿ ಮಾತ್ರ ಕಡ್ಡಿ ತೂರುವಷ್ಟು ಹರಿದ ಗಾಯ. ಅಕ್ಕ ಹೆಬ್ಬೆರಳು ಸವರಿದರೆ ಸಾಕು, ಗೊತ್ತಾಗಿಬಿಡುತ್ತಿತ್ತು. ಪಕ್ಕದ ಮೇಜಿನವಳಿಗೆ ಮಾತಿನಮಲ್ಲಿ ಎಂದೇ ಹೆಸರು. "ನಮ್ಮಕ್ಕ ಹಲ್ಲಿನ ಡಾಕ್ಟರ್ ಇದ್ದ ಹಾಗೆ, ಎಲ್ಲರ ಬಾಯಿ ಬಿಡಿಸಿ ನೋಡ್ತಾಳೆ. ಆಮೇಲೆ ತಲೆನೇ ತೆಗೀತಾಳೆ" ಎಂದು ಅವಳು ಎಲ್ಲರನ್ನೂ ನಗಿಸುತ್ತಿದ್ದಳು.

ಆ ಬೆಳಿಗ್ಗೆ ಅಕ್ಕ ನಗಲಿಲ್ಲ. ಮೇಜಿಗೆ ಬಂದಿದ್ದು ಅವಳ ತಮ್ಮನ ದೋಣಿಯ ಮೀನು.

ತಮ್ಮನೆಂದರೆ ಅವಳ ಪಾಲಿಗೆ ಮಗನೇ. ತಾಯಿ ತೀರಿಕೊಂಡಾಗ ಅವನಿಗೆ ಐದು, ಇವಳಿಗೆ ಹದಿನೇಳು. ದೊಡ್ಡವನಾದ ಮೇಲೆ ಅವನು ಬಲೆಯ ಹಡಗಿನಲ್ಲಿ ಹನ್ನೊಂದು ವರ್ಷ ದುಡಿದ. ಹಡಗಿನವರು ನಡುಸಮುದ್ರದಲ್ಲಿ ತೆಪ್ಪ ತೇಲಿಬಿಡುತ್ತಾರೆ. ನೆರಳಿದ್ದಲ್ಲಿ ಮೀನು ಸೇರುತ್ತದೆ. ದೊಡ್ಡದು ಬರುತ್ತದೆ, ಮೊಟ್ಟೆಯಿಡುವ ವಯಸ್ಸೇ ಆಗದ ಮರಿಯೂ ಬರುತ್ತದೆ, ಶಾರ್ಕು ಬರುತ್ತದೆ, ಆಮೆ ಬರುತ್ತದೆ. ಸುತ್ತ ಬಲೆ ಬಿಟ್ಟು ಅಡಿಯ ಹಗ್ಗ ಬಿಗಿದರೆ ಮುಗಿಯಿತು, ಸಕುಟುಂಬ ಸಪರಿವಾರ ಎಲ್ಲವೂ ಮೇಲೆ. ಬೇಡದ್ದನ್ನು ಆರಿಸಿ ವಾಪಸ್ಸು ಎಸೆಯುವುದು ತಮ್ಮನ ಕೆಲಸವಾಗಿತ್ತು. ಎಸೆಯುವ ಹೊತ್ತಿಗೆ ಹೆಚ್ಚಿನವುಗಳಲ್ಲಿ ಜೀವ ಇರುತ್ತಿರಲಿಲ್ಲ.

"ಹನ್ನೊಂದು ವರ್ಷ ನಾನು ಹೆಣ ಎಸೆದೆ ಅಕ್ಕ, ಮೀನು ಹಿಡೀಲಿಲ್ಲ" ಎಂದು ಒಂದು ದಿನ ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದುಬಿಟ್ಟಿದ್ದ. ಮುಂದಿನ ತಿಂಗಳೇ ಹಡಗು ಬಿಟ್ಟ. ಎಂಟು ಜನ ಗೆಳೆಯರನ್ನು ಕಟ್ಟಿಕೊಂಡು ಹಳೆಯದೊಂದು ದೋಣಿ ಹಿಡಿದ, ಬಿದಿರಿನ ಕೋಲು ಹಿಡಿದ. ಅಕ್ಕ ಬಾಯಿಗೆ ಬಂದ ಹಾಗೆ ಬೈದಳು. ಬೈದರೂ ಒಳಗೊಳಗೇ ಅವನ ಮಾತು ಸರಿಯೆನ್ನಿಸಿತ್ತು. ಕೆಲಸಕ್ಕೆ ಸೇರಿದಾಗ ಅಂಗೈ ಮೇಲಿಟ್ಟರೆ ತನ್ನ ಮೊಣಕೈ ಮುಟ್ಟುತ್ತಿದ್ದ ಮೀನು ಈಗೀಗ ಮಣಿಕಟ್ಟು ದಾಟಿದರೆ ಹೆಚ್ಚು ಎಂಬುದು ಅವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಕಾರ್ಖಾನೆಯವರಿಗೂ ಆಗ ಹೊಸ ಗಿರಾಕಿ ಸಿಕ್ಕಿದ್ದ. ಅವನಿಗೆ ಬೇಕಾದದ್ದು ಗಾಳದಲ್ಲಿ ಒಂದೊಂದಾಗಿ ಹಿಡಿದ ಮೀನು ಮಾತ್ರ. ಡಬ್ಬಿಯ ಮೇಲೂ ಹಾಗೆಂದೇ ಅಚ್ಚಾಗಬೇಕು. ಮೂರು ಸಲ ನೋಡುತ್ತೇವೆ, ಮೂರೂ ಸರಿಯಿದ್ದರೆ ವರ್ಷವಿಡೀ ನಿಮ್ಮ ಮೀನು ಕೊಳ್ಳುತ್ತೇವೆ, ಬಲೆಯ ಮೀನು ಒಂದು ಸಿಕ್ಕರೂ ಗೇಟು ಮುಚ್ಚಿತು ಎಂದು ತಮ್ಮನ ದೋಣಿಯವರಿಗೆ ಮಾತು ಕೊಟ್ಟಿದ್ದರು. ಎರಡು ಸಲ ಸರಿಯಾಯಿತು. ಮೂರನೆಯ ಸಲ, ಎರೆಗೆಂದು ಜೀವಂತ ಒಯ್ದಿದ್ದ ಸಣ್ಣ ಮೀನೆಲ್ಲ ದೋಣಿಯಲ್ಲೇ ಸತ್ತು, ಅವರು ಬರಿಗೈಯಲ್ಲಿ ತಿರುಗಿ ಬಂದಿದ್ದರು. ಮತ್ತೆ ಹೊರಡುವಾಗ ತಮ್ಮ ಹೇಳಿದ್ದ, "ಈ ಸಲ ಹೇಗಾದ್ರೂ ಮಾಡಿ ತುಂಬಿಸ್ಕೊಂಡೇ ಬರ್ತೀನಿ."

ಹೇಗಾದರೂ ಮಾಡಿ. ಆ ಮಾತು ಅಕ್ಕನ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು. ಬಲೆಯ ಹಡಗಿನಿಂದ ನಡುಸಮುದ್ರದಲ್ಲೇ ಮೀನು ಕೊಂಡು, ಗಾಳದ್ದೆಂದು ತರುವ ದೋಣಿಗಳ ಸುದ್ದಿ ಅವಳೂ ಕೇಳಿದ್ದಳು.

ಎರಡು ತೊಟ್ಟಿ ತುಂಬ ಮೀನು ಬಂದಿತ್ತು. ಗಿರಾಕಿಯ ಕಡೆಯಿಂದ ಬಂದ ಪರೀಕ್ಷಕಿ, ಬಿಳಿ ಕೋಟಿನ ಗಂಭೀರ ಹೆಂಗಸು, ಗೋಡೆಯ ಬದಿ ನಿಂತು ನೋಡುತ್ತಿದ್ದಳು. ಮೊದಲ ತೊಟ್ಟಿ ಮುಗಿಯಿತು. ಪ್ರತಿ ತುಟಿಯಲ್ಲೂ ಗಾಯ. ಎರಡನೆಯದೂ ಮುಗಿಯುತ್ತ ಬಂತು. ಅಕ್ಕನ ಭುಜ ಸಡಿಲವಾಯಿತು, ಮಾತಿನಮಲ್ಲಿಯ ಹರಟೆ ಕೂಡ ಹಿತವಾಗತೊಡಗಿತು. ಆಗ ಒಂದು ಮೀನಿನ ಬಾಯಿಯ ಮೇಲೆ ಹೆಬ್ಬೆರಳು ಜಾರಿತು, ಎಲ್ಲಿಯೂ ತಡೆಯಲಿಲ್ಲ.

ಇನ್ನೊಮ್ಮೆ ಸವರಿದಳು. ಗಾಯವಿಲ್ಲ. ಮಗುಚಿದಳು. ಪಕ್ಕೆಯ ಮೇಲೆ ಬಲೆಯ ಗೆರೆ ನಿಚ್ಚಳವಾಗಿತ್ತು.

ಅನುಮಾನ ಬಂದ ಮೀನನ್ನು ಕೆಂಪು ತಟ್ಟೆಗೆ ಹಾಕಬೇಕು, ಕೂಡಲೇ ಕೆಲಸ ನಿಲ್ಲಿಸಬೇಕು. ಅದು ಆ ಕಾರ್ಖಾನೆಯ ನಿಯಮ. ನಿಯಮವನ್ನು ಹೊಸಬರಿಗೆಲ್ಲ ಹೇಳಿಕೊಟ್ಟವಳೇ ಅವಳು. ಅವಳ ಕೈ ಮಾತ್ರ ಬೇರೆಯೇ ಕೆಲಸ ಮಾಡಿತು. ಚೂರಿ ಎತ್ತಿತು, ಒಳಗೆ ಏನೋ ಗಟ್ಟಿಯಾಗಿ ತಡೆದರೂ ಒತ್ತಿ ತಲೆ ಹಾರಿಸಿತು, ತಲೆಯನ್ನು ಕೆಳಗಿನ ನೀಲಿ ಡ್ರಮ್ಮಿಗೆ ತಳ್ಳಿತು. ಗೆರೆಯಿದ್ದ ಚರ್ಮವನ್ನು ಎರಡು ಎಳೆತಕ್ಕೆ ಸುಲಿದು ಅದರ ಹಿಂದೆಯೇ ಎಸೆಯಿತು. ಎಲ್ಲ ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಯಾರೂ ನೋಡಲಿಲ್ಲ.

ಎರಡು ಮೀನು ಸರಿಯಾಗಿದ್ದವು. ಮೂರನೆಯದಕ್ಕೆ ಮತ್ತೆ ಗಾಯವಿಲ್ಲ. ಅದು ಮರಿ. ಬೇರೆ ಜಾತಿಯದು, ಆಳುದ್ದ ಬೆಳೆಯಬಹುದಾಗಿದ್ದ ದೊಡ್ಡ ಕಣ್ಣಿನ ಟ್ಯೂನಾ. ಇನ್ನೂ ಅವಳ ಎರಡು ಅಂಗೈಯಲ್ಲಿ ಹಿಡಿಸುವಷ್ಟೇ ಇತ್ತು. ಅಕ್ಕನಿಗೆ ತಮ್ಮನ ಮೇಲೆ ಕೋಪ ಉಕ್ಕಿ ಬಂತು. ಅಷ್ಟೆಲ್ಲ ದೊಡ್ಡ ಮಾತಾಡಿ, ಊಟ ಬಿಟ್ಟು ಎದ್ದು, ಕೊನೆಗೆ ಇದನ್ನು ತಂದು ನನ್ನ ಮುಂದೆಯೇ ಇಟ್ಟೆಯಾ? ಇದನ್ನೂ ಮುಚ್ಚಿಹಾಕಲು ಅವಳಿಂದಾಗಲಿಲ್ಲ. ಮರಿಯನ್ನು ಕೆಂಪು ತಟ್ಟೆಗೆ ಹಾಕಿದಳು, ಕೈ ಮೇಲೆತ್ತಿದಳು.

"ನಿಲ್ಸಿ" ಎಂದಳು.

ಸೂಪರ್‌ವೈಸರ್ ಓಡಿ ಬಂದ. ಪರೀಕ್ಷಕಿ ಮರಿಯನ್ನು ತಿರುಗಿಸಿ ನೋಡಿ ಪೆನ್ನು ತೆಗೆದಳು. ದಕ್ಕೆಯಲ್ಲಿ ದೋಣಿ ತೊಳೆಯುತ್ತಿದ್ದ ತಮ್ಮನಿಗೆ ಹೇಳಿಕಳಿಸಿದರು. ಅವನು ಬರಿಗಾಲಲ್ಲೇ ಬಂದು ನಿಂತ. ತಟ್ಟೆ ನೋಡಿದ, ಅಕ್ಕನನ್ನು ನೋಡಿದ.

"ಎಲ್ಲಿಂದ ಬಂತೋ ಇದು?" ಎಂದಳು ಅಕ್ಕ.

"ನಂಗೇನು ಗೊತ್ತು? ನಮ್ಮದಲ್ಲ ಇದು."

"ನಿನ್ನ ತೊಟ್ಟಿಯಿಂದಲೇ ಬಂದಿದ್ದು."

"ತೊಟ್ಟಿ ನನ್ನದಾ? ಕಾರ್ಖಾನೇದು!" ಅವನು ಮರಿಯನ್ನು ಎತ್ತಿ ಬೆನ್ನು ಒತ್ತಿ ನೋಡಿದ. "ಅಕ್ಕ, ಇದನ್ನ ಮುಟ್ಟಿ ನೋಡು. ಒಳಗೆ ಕಲ್ಲಾಗಿದೆ. ನಮ್ಮ ದೋಣೀಲಿ ಇರೋದು ಬರೀ ಐಸು. ಇಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿಸೋಕೆ ನಮ್ಮ ಹತ್ರ ಏನಿದೆ?"

"ಹಡಗಿನವರ ಹತ್ರ ಇದೆಯಲ್ಲ" ಎಂದ ಸೂಪರ್‌ವೈಸರ್, ಬೇರೆ ಕಡೆ ನೋಡುತ್ತ.

ತಮ್ಮನ ಮುಖ ಕೆಂಪಾಯಿತು. ಅವನು ನೆಟ್ಟಗೆ ತೊಟ್ಟಿಯ ಹತ್ತಿರ ಹೋಗಿ, ಉಳಿದ ಹತ್ತಿಪ್ಪತ್ತು ಮೀನನ್ನು ಎರಡೂ ಕೈಯಿಂದ ಬಾಚಿ ಹೊರಗೆ ಹಾಕಿದ. ಎಲ್ಲರೂ ಬಗ್ಗಿ ನೋಡಿದರು. ತಳದ ಮೂಲೆಯಲ್ಲಿ ಮಂಜುಗಡ್ಡೆಯ ಹಲಗೆಯೊಂದು ಅಂಟಿಕೊಂಡಿತ್ತು. ಅಂಚು ಕರಗಿ, ಮೀನು ಕಳಚಿಕೊಂಡ ಗುಳಿ ಎರಡು ಕಾಣುತ್ತಿದ್ದವು. ನಡುವಿನಲ್ಲಿ ಇನ್ನೂ ಎರಡು ಮೀನು ಹಾಗೇ ಕಚ್ಚಿಕೊಂಡು ಕೂತಿದ್ದವು. ತಮ್ಮ ಗಡ್ಡೆಯನ್ನು ಒದ್ದು ಕಿತ್ತ. ಅದರ ಅಡಿಯಲ್ಲಿ ಹಳದಿ ಚೀಟಿಯೊಂದು ಸಿಕ್ಕಿಕೊಂಡಿತ್ತು. ಕಾರ್ಖಾನೆಯದೇ ಚೀಟಿ, ಹೋದ ವಾರದ ತಾರೀಖು, ಬಲೆಯ ಹಡಗಿನ ಹೆಸರು.

ತೊಟ್ಟಿ ತೊಳೆಯುವವನನ್ನು ಕರೆಸಿದರು. "ಬೆಳಿಗ್ಗೆ ಕೋಲ್ಡ್ ರೂಮಿಂದ ತೆಗೆದು ಬೋರಲು ಹಾಕಿ ನೋಡಿದ್ದೆ ಸಾರ್, ಏನೂ ಬೀಳಲಿಲ್ಲ. ಖಾಲಿ ಅಂತ ಕೊಟ್ಟೆ" ಎಂದು ಅವನು ತಲೆ ಕೆರೆದುಕೊಂಡ. ಅಂಟಿಕೊಂಡದ್ದು ಬೋರಲು ಹಾಕಿದರೆ ಬೀಳುತ್ತದೆಯೇ, ಒಳಗೆ ಒಂದು ಸಲ ಇಣುಕಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಸೂಪರ್‌ವೈಸರ್ ಅವನ ಮೇಲೆ ಹರಿಹಾಯ್ದ. ಸಿಟ್ಟಿಗಿಂತ ಅದರಲ್ಲಿ ನಿರಾಳವೇ ಹೆಚ್ಚಿತ್ತು.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಮ್ಮ ಮೋಸ ಮಾಡಿಲ್ಲ.

ಪರೀಕ್ಷಕಿ ಮಾತ್ರ ಪೆನ್ನು ಮುಚ್ಚಲಿಲ್ಲ. "ಇದು ಕಾರ್ಖಾನೆಯ ತಪ್ಪು, ಒಪ್ಪಿದೆ. ಆದರೆ ಈಗಾಗಲೇ ಕತ್ತರಿಸಿದ್ದರಲ್ಲಿ ಇಂಥವು ಎಷ್ಟು ಹೋದವು? ಗುಳಿ ಎರಡಿವೆ, ತಟ್ಟೆಯಲ್ಲಿರೋದು ಒಂದು."

"ಮರಿ ಹೊರಳಿ ಎರಡು ಗುಳಿ ಆಗಿರಬಹುದು ಮೇಡಂ" ಎಂದ ಸೂಪರ್‌ವೈಸರ್. "ನಮ್ಮ ಅಕ್ಕನ ಕಣ್ಣು ತಪ್ಪಿಸಿ ಒಂದು ಮೀನೂ ಹೋಗಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ತಪ್ಪಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ."

ಎಲ್ಲರೂ ಅವಳತ್ತ ತಿರುಗಿದರು. ತಲೆ ಅಲ್ಲಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವಳ ಮಾತೇ ಸಾಕ್ಷಿಯಾಗುತ್ತಿತ್ತು, ತಮ್ಮನ ದೋಣಿ ಗೆಲ್ಲುತ್ತಿತ್ತು. ಆದರೆ ತಮ್ಮ ತನ್ನನ್ನು ನೋಡುತ್ತಿದ್ದ ರೀತಿ, ಆ ತುಂಬು ನಂಬಿಕೆ, ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಒಂದು ಹೋಗಿದೆ" ಎಂದಳು. "ನನ್ನ ಕಣ್ಣು ತಪ್ಪಿ ಅಲ್ಲ. ನೋಡಿಯೇ ಕತ್ತರಿಸಿದೆ."

ಪರೀಕ್ಷಕಿ ಹಾಳೆಯಿಂದ ಪೆನ್ನು ಎತ್ತಿದಳು.

"ಹಾಗಾದರೆ ನಿಮ್ಮ ಮಾತಿನ ಮೇಲೆ ನಾನು ಏನೂ ಬರೆಯೋ ಹಾಗಿಲ್ಲ" ಎಂದಳು ಪರೀಕ್ಷಕಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ನನ್ನ ಮಾತು ಬೇಡ ಮೇಡಂ. ತಲೆಗಳು ಎಲ್ಲೂ ಹೋಗಿಲ್ಲ, ಡ್ರಮ್ಮಲ್ಲೇ ಇವೆ. ಪ್ರತಿಯೊಂದನ್ನೂ ನೋಡೋಣ. ಗಾಯ ಇಲ್ಲದ್ದು ಎರಡು ಸಿಕ್ಕರೆ ಗೇಟು ಹಾಕ್ಕೊಳ್ಳಿ."

ನೀಲಿ ಡ್ರಮ್ಮನ್ನು ನೆಲಕ್ಕೆ ಸುರಿದರು. ನಾನೂರು ತಲೆಗಳಾದರೂ ಇದ್ದವು. ಪರೀಕ್ಷಕಿ ಕೋಟಿನ ತೋಳು ಮಡಚಿ ಕುಕ್ಕರಗಾಲಲ್ಲಿ ಕೂತಳು. ಮಾತಿನಮಲ್ಲಿ ಕೂತಳು, ಸೂಪರ್‌ವೈಸರ್ ಕೂಡ ಪ್ಯಾಂಟು ಮೇಲೆಳೆದುಕೊಂಡು ಕೂತ. ಅಕ್ಕನ ಎದುರಿಗೆ ತಮ್ಮ. ಒಂದೊಂದೇ ತಲೆ ಎತ್ತುವುದು, ತುಟಿ ಸವರುವುದು, ಪರೀಕ್ಷಕಿಗೆ ತೋರಿಸಿ ಆಚೆಗಿಡುವುದು. ಗಾಯ. ಗಾಯ. ಇದಕ್ಕೂ ಗಾಯ. ಬಿಸಿಲಲ್ಲಿ ನಿಂತು, ಕೋಲು ಎತ್ತಿ ಎತ್ತಿ, ಒಂಬತ್ತು ಜನ ಒಂದೊಂದಾಗಿ ಹಿಡಿದ ಮೀನು. ನೂರು ತಲೆ ಕಳೆಯುವ ಹೊತ್ತಿಗೆ ಅಕ್ಕನ ಕಣ್ಣು ಮಂಜಾಗತೊಡಗಿತು.

"ನಾನೇ ಮಾಡಿದೀನಿ ಅಂದ್ಕೊಂಡ್ಯಾ?" ತಮ್ಮ ತಲೆ ಎತ್ತದೆ ಕೇಳಿದ.

"ಹೂಂ."

"ಅಂದ್ಕೊಂಡೂ ಮುಚ್ಚಿಹಾಕಿದ್ಯಾ?"

"ಹೂಂ ಕಣೋ."

ಅವನು ಏಳೆಂಟು ತಲೆಗಳನ್ನು ರಪರಪನೆ ಎತ್ತಿಟ್ಟ. ಮುಖ ಊದಿಕೊಂಡಿತ್ತು. ಚಿಕ್ಕಂದಿನಲ್ಲಿ ಮುನಿಸಿಕೊಂಡಾಗಲೂ ಹೀಗೇ ಊದಿಸುತ್ತಿದ್ದ. ಆಮೇಲೆ ಮೂಗಿನಿಂದ ಪುಸಕ್ಕೆಂದು ನಗು ಬಂತು. "ಅಂದ್ರೆ ನಮ್ಮಿಬ್ಬರಲ್ಲಿ ಕಳ್ಳಿ ನೀನೊಬ್ಬಳೇ."

"ಒಬ್ಬಳೇ" ಎಂದಳು ಅಕ್ಕ. ಅವಳಿಗೂ ನಗು ಬಂತು, ಅಳುವೂ ಬಂತು, ಮೀನಿನ ಕೈಯಲ್ಲಿ ಯಾವುದನ್ನೂ ಒರೆಸಿಕೊಳ್ಳುವ ಹಾಗಿರಲಿಲ್ಲ.

ರಾಶಿ ಕರಗುತ್ತ ಬಂತು. ಐವತ್ತು ಉಳಿದವು, ಮೂವತ್ತು ಉಳಿದವು. ಎಲ್ಲಕ್ಕೂ ಗಾಯ. ಈಗ ಅಕ್ಕನಿಗೆ ಹೊಸದೊಂದು ಭಯ ಹಿಡಿಯಿತು: ತಾನು ಕತ್ತರಿಸಿದ ಆ ತಲೆ ಸಿಗದೇ ಹೋದರೆ? ಅವಳು ತರಾತುರಿಯಲ್ಲಿ ಹುಡುಕತೊಡಗಿದಳು. ಅಷ್ಟರಲ್ಲಿ ಹೆಬ್ಬೆರಳು ಒಂದು ತುಟಿಯ ಮೇಲೆ ಜಾರಿತು, ಎಲ್ಲಿಯೂ ತಡೆಯಲಿಲ್ಲ.

"ಸಿಕ್ತು!" ಎಂದು ಕೂಗಿಯೇಬಿಟ್ಟಳು. ತನ್ನ ಕಳ್ಳತನ ಪತ್ತೆಯಾದದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಆ ಕಾರ್ಖಾನೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಪರೀಕ್ಷಕಿ ಉಳಿದವನ್ನೂ ಬಿಡದೆ ನೋಡಿ ಮುಗಿಸಿದಳು. ಮತ್ತೊಂದು ಸಿಗಲಿಲ್ಲ. ಬೇಯಲು ಹೋಗುವ ಸಾಲಿನಿಂದ ಚರ್ಮ ಸುಲಿದ ಆ ಒಂದು ಮೀನನ್ನೂ ಹೊರತೆಗೆಸಿದಳು. ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. "ದೋಣಿಯ ಮೀನು ಸರಿ ಇದೆ" ಎಂದು ಬರೆದಳು. ಒಂದು ವಾರ ನೀನು ಚೂರಿ ಮುಟ್ಟೋ ಹಾಗಿಲ್ಲ, ತೊಟ್ಟಿ ತೊಳಿ ಎಂದು ಸೂಪರ್‌ವೈಸರ್ ಅಕ್ಕನಿಗೆ ಹೇಳಿದ. ಒಂದು ವಾರವಲ್ಲ, ಒಂದು ತಿಂಗಳು ಎಂದಿದ್ದರೂ ಅವಳು ಬೇಡವೆನ್ನುತ್ತಿರಲಿಲ್ಲ.

ಆ ಒಂದು ತಲೆಯನ್ನು ಎತ್ತಿಡಲು ತಮ್ಮ ಕೈ ಚಾಚಿದ. ಅಕ್ಕ ಅವನ ಕೈಯನ್ನು ಸರಿಸಿದಳು. ತಾನೇ ಎದ್ದು ಹೋಗಿ ಅದನ್ನು ಕೆಂಪು ತಟ್ಟೆಯಲ್ಲಿ ಇಟ್ಟಳು.

"ಸರಿಯಾಗಿ ಬರ್ಕೊಳ್ಳಿ ಮೇಡಂ" ಎಂದಳು. "ಇದೊಂದು ಅವನದಲ್ಲ, ನಂದು."