ಪೀರಪ್ಪನ ಕೂಗು

ಮನೂರಿನ ಮಕ್ಕಳು ಗುಡ್ಡ ಕಂಡವರಲ್ಲ. ಊರ ಸುತ್ತ ಜೋಳದ ಹೊಲ, ಅದು ಮುಗಿದರೆ ತೊಗರಿ ಹೊಲ, ಅದೂ ಮುಗಿದರೆ ಮತ್ತೆ ಜೋಳದ ಹೊಲ. ಎತ್ತರ ಅಂದರೆ ಅವರ ಪಾಲಿಗೆ ಪಟೇಲರ ಮನೆ ಹಿಂದಿನ ತಿಪ್ಪೆ. ಹೀಗಿರುವಾಗ ರೇವಪ್ಪ ಮಾಸ್ತರ ಭೂಗೋಳದ ಪುಸ್ತಕ ಬಿಚ್ಚಿ, ಕಲ್ಲಿದ್ದಲು ಗುಡ್ಡದ ಹೊಟ್ಟೆಯೊಳಗೆ ಇರುತ್ತದೆ ಎಂದರೆ ಅವರು ನಗದೆ ಇನ್ನೇನು ಮಾಡಿಯಾರು?

"ಗುಡ್ಡಕ್ಕ ಹೊಟ್ಟಿ ಇರ್ತದೇನ್ರಿ ಮಾಸ್ತರ್ರ?" ಎಂದು ಒಬ್ಬ ಕೇಳಿದ.

"ಇರ್ತದ. ಅದನ್ನ ಬಗದವ್ರ ಹೊಟ್ಟಿ ಮಾತ್ರ ತುಂಬಂಗಿಲ್ಲ," ಎಂದ ರೇವಪ್ಪ.

ಪುಸ್ತಕ ಉರ್ದುವಿನದು. ನಿಜಾಮರ ಸರ್ಕಾರದ ಶಾಲೆಯಲ್ಲಿ ಓದುವುದು ಉರ್ದುವಿನಲ್ಲಿ, ತಿಳಿಯುವುದು ಕನ್ನಡದಲ್ಲಿ. ಕಲ್ಲಿದ್ದಲಿಗೆ ಅದರಲ್ಲಿ ಒಂದು ಪುಟ ಕೊಟ್ಟಿದ್ದರು. ಕಲ್ಲಿದ್ದಲು ನಾಡಿನ ದೌಲತ್ತು, ಅಂದರೆ ಸಂಪತ್ತು, ಅದರಿಂದ ರೈಲು ಓಡುತ್ತದೆ, ಹೈದರಾಬಾದಿನಲ್ಲಿ ದೀಪ ಉರಿಯುತ್ತದೆ, ಮುಗಿಯಿತು ಪಾಠ. ಅಗೆದವರ ಮಾತಿಲ್ಲ, ಅಗೆಸಿಕೊಂಡ ಗುಡ್ಡದ ಮಾತಿಲ್ಲ. ಬರೆದ ಪುಣ್ಯಾತ್ಮ ಗಣಿಯ ಬಾಯಿಗೆ ಇಣುಕಿಯೂ ನೋಡಿರಲಿಕ್ಕಿಲ್ಲ.

ರೇವಪ್ಪ ನೋಡಿದ್ದ. ತಾಂಡೂರಿನ ಕಿರಾಣಿ ವ್ಯಾಪಾರಿಯ ಮಗ ಆತ. ಲಿಂಗಾಯತರ ಮನೆಯ ಹುಡುಗ ತಕ್ಕಡಿ ಹಿಡಿಯಲಿಲ್ಲವೆಂದು ಅಪ್ಪ ಕೊನೆಯತನಕ ಮುಖ ಊದಿಸಿಕೊಂಡೇ ಇದ್ದ. ತಾಂಡೂರಿನಲ್ಲಿ ಕಲ್ಲಿನ ಗಣಿಗಳೇನು ಕಡಿಮೆಯಲ್ಲ. ಆದರೆ ಅವು ಬಾಯಿ ತೆರೆದುಕೊಂಡ ಗಣಿಗಳು, ಬಿದ್ದವನು ಕಣ್ಣಿಗೆ ಕಾಣುತ್ತಾನೆ. ಮಾಸ್ತರಿಕೆಯ ಮೊದಲ ನೌಕರಿಗೆ ದೂರದ ಮೂಡಣ ಸೀಮೆಯ ಕಲ್ಲಿದ್ದಲು ಗಣಿಯ ಊರಿಗೆ ಹೋದಾಗಲೇ ಆತನಿಗೆ ತಿಳಿದದ್ದು, ಬಿದ್ದವರು ಕಾಣದ ಗಣಿಯೂ ಇರುತ್ತದೆ ಎಂದು.

ಈಗ ಲಡಾಯಿಯ ಕಾಲ. ರೈಲುಗಳಿಗೆ ಕಲ್ಲಿದ್ದಲು ಎಷ್ಟಿದ್ದರೂ ಸಾಲದು. ಗಣಿಗೆ ಆಳು ಕೂಡಿಸುವ ದಲಾಲಿಯೊಬ್ಬ ಜಹೀರಾಬಾದಿನ ಸಂತೆಯಲ್ಲಿ ಬೀಡಿ ಹಂಚುತ್ತ ಕೂತಿದ್ದಾನೆ, ಮುಂದಿನ ವಾರ ಮನೂರಿಗೂ ಬರುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಶಾಲೆಯ ಹಿರಿಯ ಹುಡುಗರಿಗೆ ಆಗಲೇ ಮೀಸೆ ಚಿಗುರುತ್ತಿತ್ತು. ದಲಾಲಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಇವರು ಗುಡ್ಡದ ಹೊಟ್ಟೆ ನೋಡಲಿ ಎಂದುಕೊಂಡು ರೇವಪ್ಪ ಮಕ್ಕಳಿಂದ ಹಳ್ಳದ ಮಣ್ಣು ತರಿಸಿದ. ಶಾಲೆಯ ಅಂಗಳದಲ್ಲಿ ಸೊಂಟದೆತ್ತರದ ಗುಡ್ಡ ಎದ್ದಿತು.

ಗುಡ್ಡದ ನೆತ್ತಿಯ ಮೇಲೆ ಬೇವಿನ ಕಡ್ಡಿ ನೆಟ್ಟು ಕಾಡು ಮಾಡಿದವಳು ಮೋನಮ್ಮ. ಶಾಲೆಗೆ ಬರುತ್ತಿದ್ದ ಹುಡುಗಿ ಅವಳೊಬ್ಬಳೇ, ಕುರುಬರ ಅಮೃತಬಾಯಿಯ ಮಗಳು. ಹುಡುಗರು ಸಿಟ್ಟು ಬಂದಾಗ ಅವಳನ್ನು "ಫರಾರಿ ಪೀರನ ಮಗಳ" ಎಂದು ಕರೆಯುತ್ತಿದ್ದರು. ಆಕೆಯ ಅಪ್ಪ ಪೀರಪ್ಪ ಲಡಾಯಿ ಶುರುವಾದ ವರ್ಷ ದಲಾಲಿಯ ಹಿಂದೆ ಮೂಡಣಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಜೊತೆಗೆ ಹೋದವರು ಬೇರೆ ಗಣಿಗೆ ಬಿದ್ದಿದ್ದರು. ಊರಿಗೆ ಬಂದಾಗ ಕಿವಿಗೆ ಬಿದ್ದ ಮಾತನ್ನೇ ತಂದರು: ಪೀರಪ್ಪ ಕೆಲಸ ಬಿಟ್ಟು ಓಡಿಹೋದನಂತೆ, ಗಣಿಯವರೇ ಹೇಳಿದರಂತೆ. ಊರು ಸುಮ್ಮನಿರುತ್ತದೆಯೇ? ಓಡಿಹೋದವನ ಜೊತೆಗೆ ಒಬ್ಬ ಹೆಂಗಸನ್ನೂ ಕೂಡಿಸಿ ಕಳಿಸಿತು.

ಅಮೃತಬಾಯಿ ನಂಬಿದಳು. ನಂಬದೆ ಏನು ಮಾಡಬೇಕು, ಸತ್ತ ಸುದ್ದಿ ಬರಲಿಲ್ಲ, ಬದುಕಿದವನೂ ಬರಲಿಲ್ಲ. ಅತ್ತೆ ಕೈಯಾರೆ ನೂತ ಉಣ್ಣೆಯಲ್ಲಿ ನೇಯಿಸಿದ ಗಂಡನ ಕಂಬಳಿಯನ್ನು ಗಳುವಿನಿಂದ ಎಳೆದು, ಮರಿ ಕೂಡಿಹಾಕುವ ಗೂಡಿನಲ್ಲಿ ಉಚ್ಚೆಗೂ ಹಿಕ್ಕೆಗೂ ಹಾಸಿಬಿಟ್ಟಳು. ದೀಪಾವಳಿಯಲ್ಲಿ ಕುರುಬರು ಮನೆಮನೆಯ ಕಂಬಳಿ ತಂದು ಬೀರಪ್ಪ ದೇವರ ಮುಂದೆ ಹಾಸಿ ಭಂಡಾರದ ಅರಿಶಿನ ಎರಚುವಾಗ ಅವಳ ಮನೆಯ ಜಾಗ ಖಾಲಿ ಇರುತ್ತಿತ್ತು. ದಿನಾ ಸಂಜೆ ಕುರಿ ಕರೆಯುವಾಗ, ಕೂಗು ಮುಗಿದ ಕೂಡಲೇ ಗಂಡನಿಗೆ ಒಂದು ಬೈಗುಳ ಸೇರಿಸುತ್ತಿದ್ದಳು. "ಅವನ ಬಾಯಾಗ ಮಣ್ಣ ಬೀಳ್ಲಿ!" ಕೂಗಿಗೆ ಕುರಿ ಬರುತ್ತಿದ್ದವು, ಬೈಗುಳಕ್ಕೆ ಊರು ನಗುತ್ತಿತ್ತು.

ಮನೂರಿಗೆ ಹೊಸದಾಗಿ ಬಂದಾಗ ರೇವಪ್ಪನೂ ಆ ಕೂಗು ಕೇಳಿದ್ದ. ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತ್ತು. ಕುರುಬರೆಲ್ಲ ಹೀಗೇ ಕೂಗುತ್ತಾರೆ ಎಂದುಕೊಂಡು ಮರೆತಿದ್ದ. ಜೋಳ ತೂಗುವವರ ಮನೆಯಲ್ಲಿ ಹುಟ್ಟಿದವನಿಗೆ ಕುರಿಯ ವಿಷಯ ಅಷ್ಟೇ ಗೊತ್ತಿದ್ದದ್ದು.

ಪಾಠ ಶುರುವಾಯಿತು. ರೇವಪ್ಪ ಗುಡ್ಡದ ಪಕ್ಕೆಗೆ ಕೈಹಾಕಿ ಒಳಗೆ ಗವಿ ಕೊರೆದ, ಮೇಲಿನ ಮಣ್ಣು ಕುಸಿಯದ ಹಾಗೆ ಜೋಳದ ದಂಟಿನ ಕಂಬ ಕೊಟ್ಟ.

"ಈ ಗುಡ್ಡದ ಮ್ಯಾಲ ಕಾಡಿನ ಮಂದಿ ಇದ್ರು. ಅವ್ರಿಗಿ ಗುಡ್ಡನೇ ದೇವ್ರು. ನಡುವ ಒಂದು ನೀರಿನ ಸೆಲಿ ಇತ್ತು, ಬ್ಯಾಸಗ್ಯಾಗೂ ಬತ್ತತಿರಲಿಲ್ಲ. ಕೆಳಗ ಗವಿ ತೋಡಿದ್ ಕೂಡ್ಲೆ ಆ ನೀರು ಏನಾತು?"

"ಗವಿಯಾಗ ಇಳೀತ್ರಿ!"

"ಇಳೀತು. ಗಣಿಯವ್ರು ಅದನ್ನ ಪಂಪಿನಿಂದ ಹೊರಗ ಚೆಲ್ಲತಿದ್ರು. ದೇವರ ನೀರು ಕುಡಿದ ಹೆಣ್ಮಕ್ಕಳು ಕೊಡ ಹಿಡಕೊಂಡು ಆ ಕರೇ ನೀರಿಗಿ ಸಾಲು ಹಚ್ಚಿ ನಿಂದ್ರತಿದ್ರು. ಮುಂದ ಅವ್ರ ಗಂಡಸ್ರು ಅದೇ ಗುಡ್ಡ ಅಗಿಯೋ ಕೂಲಿ ಆದ್ರು. ಪುಸ್ತಕದಾಗ ಇದಿಲ್ಲ. ನೀವು ನೆನಪಿಡ್ರಿ."

ಮಕ್ಕಳು ನಗು ನಿಲ್ಲಿಸಿದ್ದರು. ರೇವಪ್ಪ ಮುಂದುವರಿದ. ಕಲ್ಲಿದ್ದಲು ತೆಗೆದು ಮುಗಿದ ಮೇಲೆ ಕಂಬವನ್ನೂ ಬಿಡುವುದಿಲ್ಲ, ಒಳಗಿನಿಂದ ಒಂದೊಂದಾಗಿ ಕೀಳುತ್ತ ಹಿಂದಕ್ಕೆ ಬರುತ್ತಾರೆ, ಎಂದು ಹೇಳಿ ದಂಟು ಎಳೆದ. ಮಣ್ಣು ಸರ್ರನೆ ಜಾರಿ ಗವಿ ಮುಚ್ಚಿತು. ಮೋನಮ್ಮನ ಕಾಡು ನಡುವೆ ಕುಸಿದು ಒಳಗೆ ಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು.

ರೇವಪ್ಪ ಕೈಯಲ್ಲಿದ್ದ ದಂಟನ್ನು ಕೆಳಗೆಸೆದ. ಮಣ್ಣು ಬಿದ್ದದ್ದು ಕಂಡರು, ಮನುಷ್ಯರು ಕಾಣಲಿಲ್ಲ ಇವರಿಗೆ. ಮನುಷ್ಯನೊಬ್ಬನನ್ನು ತೋರಿಸಬೇಕು ಎಂದು ಆತನಿಗೆ ಅನಿಸಿತು. ತೋರಿಸುವುದಕ್ಕೆ ಆತನ ನೆನಪಿನಲ್ಲಿ ಒಬ್ಬನಿದ್ದ.

"ಕೇಳ್ರಿ. ಅಲ್ಲಿ ಒಬ್ಬ ನಮ್ಮ ಬೀದರ ಜಿಲ್ಲಾದಾವ ಇದ್ದ. ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲಾರೂ ಬೀದರವಾಲಾ ಅಂತಿದ್ರು. ಮುಂಜಾನಿ ಇಳಿಯೋ ಮುಂದ ಗಣಿ ಬಾಯಿಗಿ ಭಂಡಾರ ಎರಚಿ, ತನ್ನ ಜೋಡಿ ಇಳಿಯೋರನ್ನ ಕುರಿ ಕರದಂಗ ಕೂಗಿ ಕರೀತಿದ್ದ. ಮೊದಲ ಎಲ್ಲಾರೂ ನಕ್ರು. ಆಮ್ಯಾಲ ಆ ಕೂಗು ಕೇಳ್ದೆ ಯಾರೂ ಒಳಗ ಕಾಲಿಡ್ತಿರಲಿಲ್ಲ. ಸಂಜಿಕಿ ಮ್ಯಾಲ ಬಂದು, ಮಂದಿ ಎಲ್ಲಾ ಬಂದ್ರು ಅಂತ ಮತ್ತ ಕೂಗತಿದ್ದ. ನಮ್ಮ ಸಾಲಿಗಿ ಕೇಳಸ್ತಿತ್ತು. ಒಂದಿನ ಮುಂಜಾನಿ ಕೂಗು ಕೇಳಸ್ತು. ಸಂಜಿಕಿ ಕೇಳಸಲಿಲ್ಲ."

"ಹೆಂಗ ಕೂಗತಿದ್ದನ್ರಿ?" ಎಂದ ಒಬ್ಬ ಹುಡುಗ.

ಅನುಕರಣೆಯಲ್ಲಿ ರೇವಪ್ಪ ಗಟ್ಟಿಗ. ಅಂಗೈ ಬಾಯಿಗಿಟ್ಟು, ಕತ್ತು ಮೇಲೆತ್ತಿ ಕೂಗಿದ. "ಹೋ... ಯಾ... ಹೋ... ಯಾ... ಹುರ್ರಾ!" ಉದ್ದಕ್ಕೆ ಎಳೆದು, ಉಸಿರು ಸಿಕ್ಕಿಕೊಂಡಂತೆ ಒಮ್ಮೆ ನಿಂತು, ಕೊನೆಗೆ ನಾಲಿಗೆಯಿಂದ ಟಕ್ ಎಂದು ಬಡಿದ.

ಮಕ್ಕಳ ಕಣ್ಣೆಲ್ಲ ಮೋನಮ್ಮನ ಮೇಲೆ. ಅವಳು ಎದ್ದು ನಿಂತಿದ್ದಳು.

"ಅದು ಇವರ ಮನಿ ಕೂಗ್ರಿ ಮಾಸ್ತರ್ರ," ಎಂದ ಒಬ್ಬ ಕುರುಬರ ಹುಡುಗ, ಮೆಲ್ಲಗೆ. "ಒಬ್ಬೊಬ್ಬರ ಮನಿದು ಒಂದೊಂದು ಇರ್ತದ. ಒಬ್ಬರ ಕೂಗಿಗಿ ಇನ್ನೊಬ್ಬರ ಕುರಿ ಬರಂಗಿಲ್ಲ."

ಆ ಮಾತು ರೇವಪ್ಪನ ತಲೆಗೆ ಇಳಿಯುವ ಮೊದಲೇ ಕುರಿಗಳು ಇಳಿದವು. ಹಾಳುಗೋಡೆಯ ಆಚೆ ತೊಗರಿ ಕೂಳೆಯಲ್ಲಿ ಮೇಯುತ್ತಿದ್ದ ಹಿಂಡು ಬ್ಯಾ ಎನ್ನುತ್ತ ಗೋಡೆ ಹಾರಿ, ಅಂಗಳ ತುಂಬಿ, ಕುಸಿದ ಗುಡ್ಡವನ್ನು ತುಳಿದು ಹಸನು ಮಾಡಿ, ಮಾಸ್ತರನ ಧೋತರದ ಸುತ್ತ ಮೂತಿ ಎತ್ತಿ ನಿಂತಿತು. ಹಿಂದೆಯೇ ಕೋಲು ಹಿಡಿದು, ಸೆರಗು ಜಾರಿದ್ದೂ ಅರಿವಿಲ್ಲದೆ ಅಮೃತಬಾಯಿ ಓಡಿ ಬಂದಳು. ಓಡಿಬಂದ ಮುಖದಲ್ಲಿ ಸಿಟ್ಟಿತ್ತು. ಅದರ ಅಡಿಯಲ್ಲಿ ಇನ್ನೂ ಏನೋ ಇತ್ತು. ಗಂಡ ಬಂದ ಎಂದೇ ತಿಳಿದು ಓಡಿದ್ದಳು ಪಾಪ.

"ಎಲ್ಲಿ ಅದಾನ? ಯಾರು ಕೂಗಿದ್ದು?" ಎಂದು ಅಂಗಳದ ಮೂಲೆ ಮೂಲೆ ನೋಡಿದಳು.

"ನಾ ಕೂಗಿದೆ, ಅಕ್ಕ," ಎಂದ ರೇವಪ್ಪ.

"ನಿಮಗ ಹೆಂಗ ಬಂತ್ರಿ ಆ ಕೂಗು? ಅದು ನನ್ನ ಗಂಡಂದು. ಆತ ಹೋದ ಮ್ಯಾಲ ನಾ ಬಿಟ್ರ ಬ್ಯಾರೆ ಯಾರೂ ಕೂಗಿಲ್ಲ. ಕುರಿಗೋಳಿಗಿ ಬ್ಯಾರೆ ತಿಳಿಯಂಗಿಲ್ಲಂತ ನಾನೂ ಅದನ್ನೇ ಕೂಗತೀನಿ."

ಬೀದರವಾಲಾ ಯಾರೆಂದು ರೇವಪ್ಪನಿಗೆ ಈಗ ತಿಳಿಯಿತು. ಮಕ್ಕಳನ್ನು ಮನೆಗೆ ಕಳಿಸಬೇಕಿತ್ತು, ಅದೂ ಹೊಳೆಯಲಿಲ್ಲ. ಎಲ್ಲರೂ ಕೇಳುತ್ತಿದ್ದ ಹಾಗೆಯೇ ಹೇಳಿದ. ಮುಂಜಾನೆ ಕೂಗು ಕೇಳಿದ್ದು, ಮಧ್ಯಾಹ್ನ ನೆಲ ಅದುರಿ ಶಾಲೆಯ ಹಲಗೆ ಗೋಡೆಯಿಂದ ಬಿದ್ದದ್ದು, ಗುಡ್ಡದ ಇಳಿಜಾರು ಬಾವಿಯಂತೆ ಕುಸಿದದ್ದು. ಗಣಿಯವರು ಅಗೆಯಲಿಲ್ಲ. ಸುರಂಗದ ಬಾಯಿಗೆ ಇಟ್ಟಿಗೆ ಗೋಡೆ ಕಟ್ಟಿ, ಒಳಗೆ ಯಾರೂ ಇರಲಿಲ್ಲ, ಆ ಗುಂಪಿನವರು ಕೆಲಸ ಬಿಟ್ಟು ಓಡಿಹೋದರು ಎಂದುಬಿಟ್ಟರು. ಕಾಡಿನ ಹೆಂಗಸರು ಮಾತ್ರ ಕುಸಿದ ನೆಲದ ಅಂಚಿಗೆ ಬಂದು ಒಬ್ಬೊಬ್ಬನಿಗೆ ಒಂದೊಂದು ಕಲ್ಲು ನಿಲ್ಲಿಸಿ ಅತ್ತು ಹೋದರು. ಆಮೇಲೆ ಆ ಊರಿನಲ್ಲಿ ಇರಲು ಮನಸ್ಸು ಒಪ್ಪದೆ ರೇವಪ್ಪ ನೌಕರಿ ಬಿಟ್ಟು ಬಂದಿದ್ದ.

ಅಮೃತಬಾಯಿ ಕೋಲಿಗೆ ಗಲ್ಲ ಊರಿ ಕೇಳುತ್ತಿದ್ದಳು.

"ಆತಗೂ ಒಂದು ಕಲ್ಲು ಇಟ್ರೇನ್ರಿ?"

"ಇಟ್ರು, ಅಕ್ಕ. ಕಲ್ಲಿನ ಮ್ಯಾಲ ಅರಿಷಿಣ ಹಚ್ಚಿದ್ರು. ಆತ ಭಂಡಾರದಾವ ಅಂತ ಅವ್ರಿಗೂ ಗೊತ್ತಿತ್ತು."

"ಮಣ್ಣ? ಯಾರರೆ ಒಂದು ಹಿಡಿ ಮಣ್ಣ ಹಾಕಿದ್ರೇನ್ರಿ?"

ರೇವಪ್ಪ ತಲೆ ತಗ್ಗಿಸಿದ. "ಗುಡ್ಡನೇ ಹಾಕ್ತು."

ಅವಳು ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಹತ್ತಿರವಿದ್ದ ಕುರಿಯ ಬೆನ್ನಿನ ಮೇಲೆ ಕೈಯಿಟ್ಟಳು.

"ದಿನಾ ಸಂಜಿಕಿ ಬಾಯಾಗ ಮಣ್ಣ ಬೀಳ್ಲಿ ಅಂತ ಬೈತಿದ್ದೆ," ಎಂದಳು. "ಆಗ್ಲೇ ಬಿದ್ದಿತ್ತು. ನಂಗ ಗೊತ್ತಿರ್ಲಿಲ್ಲ ನೋಡ್ರಿ. ಓಡಿಹೋಗ್ಯಾನ ಅಂದ್ರ ಎಲ್ಲ್ಯಾರೆ ಇದ್ದಾನ ಅಂದಂಗಾತಲ್ರಿ. ಉಂಡಾನ, ಮಲಗ್ಯಾನ, ಯಾವಳದೋ ಜೋಡಿ ನಗಲಾಕತ್ಯಾನ, ಇರ್ಲಿ. ಬೈದಷ್ಟು ದಿನ ನಂಗ ಗಂಡ ಇದ್ದ. ಈಗ ಯಾರಿಗಿ ಬೈಲಿ, ಮಾಸ್ತರ್ರ?"

ರೇವಪ್ಪ ಮಕ್ಕಳ ಮುಂದೆಯೇ ಅತ್ತ. ಮೋನಮ್ಮ ತಾಯಿಯ ಸೆರಗು ಎತ್ತಿ ಅವಳ ತಲೆಯ ಮೇಲೆ ಹೊದಿಸಿದಳು.

ಮರುದಿನ ಅಮೃತಬಾಯಿ ಮರಿಗೂಡಿನಿಂದ ಕಂಬಳಿ ಎತ್ತಿ ಹಳ್ಳಕ್ಕೆ ಒಯ್ದಳು. ಹಿಕ್ಕೆ ಒಣಗಿ ಕಂಬಳಿ ಅಟ್ಟೆಯಾಗಿತ್ತು. ನೆರೆಹೊರೆಯವರು ಕೈಹಚ್ಚಲು ಬಂದರೆ ಬೇಡವೆಂದಳು. ಹೊತ್ತು ನೆತ್ತಿಗೇರುವತನಕ ಒಬ್ಬಳೇ ಕಲ್ಲಿಗೆ ತಿಕ್ಕಿದಳು, ಹಿಂಡಿದಳು, ಮತ್ತೆ ತಿಕ್ಕಿದಳು. ಓಡಿಹೋದವನ ಹೆಂಡತಿಯೆಂದು ಇಷ್ಟು ವರ್ಷ ತೊಟ್ಟಿದ್ದ ಬಳೆಗಳನ್ನು ಅದೇ ಕಲ್ಲಿಗೆ ಒಡೆದಳು.

ಕುರುಬರ ಹಿರಿಯ ಬೀರಣ್ಣ, ಹೆಣವಿಲ್ಲದೆ ಹೇಗೆ ಹೂಳುವುದು ಎಂದು ಮೊದಲು ತಲೆ ಕೆರೆದುಕೊಂಡ. ಆಮೇಲೆ, "ಕಂಬಳಿನೇ ಕುರುಬನ ಮೈ, ತಗೀರಿ ಗುಂಡಿ," ಎಂದ. ಹೊಲದ ಬದುವಿನಲ್ಲಿ ಗುಂಡಿ ತೆಗೆದರು. ಭಂಡಾರ ಎರಚಿ ಕಂಬಳಿಯನ್ನು ಇಳಿಸಿದರು. ಕರೆಯದಿದ್ದರೂ ಶಾಲೆಯ ಮಕ್ಕಳೆಲ್ಲ ಬಂದಿದ್ದರು, ಮೀಸೆ ಚಿಗುರಿದವರೂ ಬಂದಿದ್ದರು. ಕುರಿ ತುಳಿದು ಉಳಿದ ಶಾಲೆಯ ಗುಡ್ಡದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದರು. ಫರಾರಿ ಪೀರ ಎನ್ನುತ್ತಿದ್ದ ಹುಡುಗನೇ ಮೊದಲ ಹಿಡಿ ಹಾಕಿದ.

"ಕುರಿ ಕರೀಬೇಕವ್ವ," ಎಂದ ಬೀರಣ್ಣ. "ಧಣಿ ಮಣ್ಣಾಗೋ ಹೊತ್ತಿಗಿ ಕುರಿ ಸುತ್ತ ಇರಬೇಕು."

ಅಮೃತಬಾಯಿ ಅಂಗೈ ಬಾಯಿಗಿಟ್ಟಳು. ಗಂಟಲಿನಿಂದ ಗಾಳಿ ಬಂತು, ಕೂಗು ಬರಲಿಲ್ಲ. ಮತ್ತೊಮ್ಮೆ ಕೂಗಿ ನೋಡಿದಳು. ಕೊನೆಗೆ ಮಾಸ್ತರನ ಕಡೆ ತಿರುಗಿದಳು.

ರೇವಪ್ಪ ಕೂಗಿದ. ದೂರದ ಹಟ್ಟಿಯಿಂದ ಹಿಂಡು ಧೂಳೆಬ್ಬಿಸುತ್ತ ಬಂದು ಗುಂಡಿಯ ಸುತ್ತ ನಿಂತಿತು. ಆತನಿಗೆ ಸಾಕೆನಿಸಲಿಲ್ಲ. ಗಣಿ ಕುಸಿದ ಸಂಜೆ ಕೇಳಿಸದೇ ಹೋದ ಕೂಗು ಅದು. ಈಗಲಾದರೂ ಮೂಡಣದವರೆಗೆ ಮುಟ್ಟಲಿ ಎಂಬಂತೆ ಮತ್ತೊಮ್ಮೆ ಕೂಗಿದ, ಮತ್ತೂ ಕೂಗಲು ಹೊರಟ.

ಅಮೃತಬಾಯಿ ಅವನ ಕೈ ಹಿಡಿದಳು.

"ಸಾಕ್ರಿ ಮಾಸ್ತರ್ರ. ಕುರಿ ಬರ್ತಾವ. ಆತ ಬರಂಗಿಲ್ಲ."

ದಲಾಲಿ ಮುಂದಿನ ವಾರ ಬಂದು ಚಾವಡಿಯಲ್ಲಿ ಬೀಡಿ ಹಂಚಿದ. ಹುಡುಗರು ಯಾರೂ ಅವನ ಹತ್ತಿರ ಹೋಗಲಿಲ್ಲ, ಅವನು ಕಲ್ಹೇರಿನ ದಾರಿ ಹಿಡಿದ. ಆ ಸಂಜೆ ರೇವಪ್ಪ ಶಾಲೆಯ ಕಟ್ಟೆಯ ಮೇಲೆ ಕೂತಿದ್ದಾಗ ಊರಾಚೆಯಿಂದ ಅಮೃತಬಾಯಿ ಕುರಿ ಕರೆದದ್ದು ಕೇಳಿಸಿತು. ಅದೇ ಕೂಗು, ಕೊನೆಗೆ ಅದೇ ನಾಲಿಗೆಯ ಬಡಿತ. ಮುಂದಿನ ಬೈಗುಳಕ್ಕೆ ಆತ ಕಿವಿಗೊಟ್ಟು ಕಾದ. ಅದು ಬರಲಿಲ್ಲ.