ತೂಕದ ಯಂತ್ರಕ್ಕೆ ಹೇಳಿದ ಸುಳ್ಳು

ದೂರದ ಚಳಿನಾಡಿನಲ್ಲಿ, ಲಾಪುವಾ ಹೊಳೆಯ ದಂಡೆಯ ನಮ್ಮೂರಿನಲ್ಲಿ ಬಸುರಿಯ ಮುಂದೆ ತಟ್ಟೆ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ತಟ್ಟೆಯನ್ನು ಹಿಂದಕ್ಕೆ ಸರಿಸುವುದಕ್ಕೆ ಮಾತ್ರ ಧೈರ್ಯ ಬೇಕು. ಪಕ್ಕದ ಮನೆಯ ಹೆಲ್ಕಾಗೆ ಆ ಧೈರ್ಯ ಇರಲಿಲ್ಲ, ಏಕೆಂದರೆ ಎದುರಿಗೆ ಕೂತಿರುತ್ತಿದ್ದವರು ಅತ್ತೆ ಇರ್ಯಾ.

“ಇನ್ನೊಂದು ಏಲಕ್ಕಿ ಬನ್ನು ತಗೋಳೇ. ಒಳಗಿರೋದಕ್ಕೂ ಬೇಡ್ವಾ?”

“ಒಳಗಿರೋದು ಬೆರಳುದ್ದ ಇದೆ ಅತ್ತೆ.”

“ಬೆರಳುದ್ದ ಇದ್ರೇನು? ನಮ್ಮನೆ ಬೆರಳು!”

ಐದನೇ ತಿಂಗಳು ಹೆಲ್ಕಾ ಊರಿನ ಬಸುರಿಯರ ಆಸ್ಪತ್ರೆಗೆ ಹೋದಾಗ ನರ್ಸ್ ಸಿರ್ಕಾ ತೂಕ ನೋಡಿದರು.

“ಸ್ವಲ್ಪ ಬೇಗ ಬೇಗ ಏರ್ತಿದೆ ಹೆಲ್ಕಾ. ಇಬ್ಬರ ಊಟ ಬೇಡ, ಒಬ್ಬರ ಊಟಾನೇ ಚೆನ್ನಾಗಿರಲಿ. ಮೀನು, ರೈ ರೊಟ್ಟಿ, ಮೊಸರು, ತರಕಾರಿ ತಿನ್ನು. ದಿನಾ ಒಂದಿಷ್ಟು ನಡಿ. ಹಾಗಂತ ಉಪವಾಸ ಮಾತ್ರ ಮಾಡ್ಬೇಡ.”

ಹೆಲ್ಕಾಳ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮನೆಗೆ ಬಂದು ಅತ್ತಳು.

ಇರ್ಯಾ ಅವರಿಗೆ ಇದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಅವರ ಗಂಡ, ಮಕ್ಕಳು ಎಲ್ಲರೂ ಕುಸ್ತಿಯವರು. ಪಂದ್ಯಕ್ಕೆ ಮುಂಚೆ ತೂಕ ಇಳಿಸುವುದು ಆ ಮನೆಯಲ್ಲಿ ಅನ್ನ ಬೇಯಿಸಿದಷ್ಟೇ ಸುಲಭದ ವಿದ್ಯೆ.

“ಅಳೋದ್ಯಾಕೆ? ನಿನ್ನ ಗಂಡನ್ನ ನಾನೆಷ್ಟು ಸಲ ಇಳಿಸಿಲ್ಲ! ತಪಾಸಣೆಯ ಹಿಂದಿನ ದಿನ ಏನೂ ತಿನ್ಬೇಡ, ನೀರು ಮುಟ್ಬೇಡ, ಹಿತ್ತಲ ಸೌನಾ ಕೋಣೇಲಿ ಕಾದ ಕಲ್ಲಿನ ಹಬೇಲಿ ಕೂತು ಚೆನ್ನಾಗಿ ಬೆವರು. ಯಂತ್ರ ಬಾಯಿ ಮುಚ್ಕೊಂಡಿರುತ್ತೆ.”

“ಮಗೂಗೆ ಏನೂ ಆಗಲ್ವಾ?”

“ಸೌನಾದಿಂದ ಏನಾಗುತ್ತೆ? ನಿನ್ನ ಮಾವ ಹುಟ್ಟಿದ್ದೇ ಸೌನಾದಲ್ಲಿ!”

ಹುಟ್ಟಿದ್ದು ನಿಜ; ಆಗೆಲ್ಲ ಹೆರಿಗೆಗೆ ಅದೇ ಶುಚಿಯಾದ ಕೋಣೆ. ಆ ದಿನ ಒಲೆಯ ಕಲ್ಲುಗಳನ್ನು ಯಾರೂ ಕೆಂಪಗೆ ಕಾಯಿಸಿರಲಿಲ್ಲ ಎಂದು ಹೇಳುವವರು ಯಾರೂ ಅಲ್ಲಿರಲಿಲ್ಲ.

ಮುಂದಿನ ಭೇಟಿಗಳಲ್ಲಿ ಯಂತ್ರ ನಿಜಕ್ಕೂ ಬಾಯಿ ಮುಚ್ಚಿಕೊಂಡಿತ್ತು. ಸಿರ್ಕಾ “ಭೇಷ್” ಎಂದರು. ಮನೆಯಲ್ಲಿ ಮರುದಿನವೇ ಮತ್ತೆ ಇಬ್ಬರ ಪಾಲಿನ ಬನ್ನು.

ಏಳನೇ ತಿಂಗಳಲ್ಲಿ ಹೆಲ್ಕಾಳ ಬೆರಳು ಊದಿತು. ಉಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಅವಳ ಬೂಟು ಕಾಲಿಗೆ ಏರಲಿಲ್ಲ. ತಲೆನೋವು ಬಿಡಲಿಲ್ಲ, ಕಣ್ಣ ಮುಂದೆ ಕಿಡಿ ಹಾರಿದಂತಾಗುತ್ತಿತ್ತು.

“ನರ್ಸ್‌ಗೆ ಫೋನ್ ಮಾಡೋಣ್ವಾ?” ಗಂಡ ಪಾನು ಕೇಳಿದ.

“ಬಸುರೀರ ಕಾಲು ಊದದೆ ನಿನ್ನ ಕಾಲು ಊದುತ್ತೇನೋ?” ಎಂದರು ಇರ್ಯಾ.

ಹೆಲ್ಕಾ ಕೂಡ ತಲೆಯಾಡಿಸಿದಳು. “ಬೇಡ ಪಾನು. ಫೋನ್ ಮಾಡಿದ್ರೆ ಈಗ್ಲೇ ಬಾ ಅಂತಾರೆ. ನಾನಿನ್ನೂ ಬೆವರಿಲ್ಲ.”

ಎರಡು ದಿನ ಕಾದರು. ಬೆವರಿದ ಮೇಲೆಯೇ ಹೋದರು.

ತೂಕ ಏರಿರಲಿಲ್ಲ. ಸಿರ್ಕಾ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಮತ್ತೊಮ್ಮೆ ಸುತ್ತಿದರು; ಎರಡು ಸಲವೂ ತುಂಬಾ ಏರಿತ್ತು. ಆಮೇಲೆ ಬಾಗಿಲ ಬಳಿ ಬಿಚ್ಚಿಟ್ಟಿದ್ದ ಬೂಟಿನ ಕಡೆ ನೋಡಿದರು.

“ಅದ್ಯಾರ ಬೂಟು?”

“ಪಾನೂದು. ನಂದು ಹಿಡಿಯಲ್ಲ.”

“ಕಾಲು ಇಷ್ಟು ಊದಿದೆ, ತೂಕ ಮಾತ್ರ ಇದ್ದಲ್ಲೇ ಇದೆ. ಹೇಗೆ ಹೆಲ್ಕಾ?”

ಹೆಲ್ಕಾ ಎಲ್ಲವನ್ನೂ ಹೇಳಿದಳು. ಸಿರ್ಕಾ ಬಯ್ಯಲಿಲ್ಲ, ಮೊದಲು ಆಂಬುಲೆನ್ಸ್ ಕರೆದರು.

“ತೂಕ ನೋಡೋದು ನಿನಗೆ ಬಯ್ಯೋಕಲ್ಲ ಕಣೇ. ನಾಲ್ಕು ದಿನದಲ್ಲಿ ದಿಢೀರ್ ಅಂತ ಏರಿದ್ರೆ ಮೈಯಲ್ಲಿ ನೀರು ನಿಲ್ತಿದೆ, ಒತ್ತಡ ಏರ್ತಿರಬಹುದು ಅಂತ ನನಗೊಂದು ಸುಳಿವು. ನೀನು ಆ ಸುಳಿವನ್ನೇ ಬೆವರಲ್ಲಿ ಹರಿಸಿಬಿಟ್ಟೆ.”

ದೊಡ್ಡಾಸ್ಪತ್ರೆಯಲ್ಲೂ ಒತ್ತಡ ಇಳಿಯಲಿಲ್ಲ; ಅದೇ ದಿನ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಹೆಲ್ಕಾ ಪಾರಾದಳು. ಮಗು ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಉಸಿರಾಡಿಸುವುದು ಯಂತ್ರ. ಉಳಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರು “ಇವತ್ತು ಇದೆ” ಎನ್ನುತ್ತಾರೆ. ಬಡಿಸಿಯೇ ಪ್ರೀತಿ ತೋರಿಸಲು ಕಲಿತ ಇರ್ಯಾ ಅವರಿಗೆ ಅಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಕೈ ಕೋಟಿನ ಜೇಬಲ್ಲಿಟ್ಟುಕೊಂಡು ನಿಂತಿರುತ್ತಾರೆ.

ನೋಡಲು ಬಂದ ಸಿರ್ಕಾರನ್ನು ಒಮ್ಮೆ ಕೇಳಿದರು: “ಮೊದಲೇ ಗೊತ್ತಾಗಿದ್ರೆ ಇದು ತಪ್ತಿತ್ತಾ?”

“ಗೊತ್ತಿಲ್ಲ ಇರ್ಯಾ. ತಪ್ಪದೇ ಇರ್ಲೂಬಹುದಿತ್ತು. ಆದ್ರೆ ಔಷಧಿ ಕೊಡೋಕೆ, ಕಣ್ಣಿಡೋಕೆ ನಮಗೊಂದಿಷ್ಟು ದಿನ ಸಿಗ್ತಿತ್ತು.”

ಇರ್ಯಾ ಈಗ ಕಂಡ ಬಸುರಿಯರಿಗೆಲ್ಲ, “ಇರೋ ತೂಕ ಇದ್ದ ಹಾಗೇ ತೋರಿಸಮ್ಮ” ಎನ್ನುತ್ತಾರೆ. ಬುದ್ಧಿ ಬಂದಿದೆ. ಬರಬೇಕಾದ ಹೊತ್ತಿಗೆ ಬರಲಿಲ್ಲ.

ಇದನ್ನು ಓದುತ್ತಿರುವ ಬಸುರಿ ತಾಯಿ, ನಿಮ್ಮ ಮನೆಯಲ್ಲಿ ಸೌನಾ ಇಲ್ಲದಿರಬಹುದು. ತೂಕ ಕಡಿಮೆ ತೋರಲೆಂದು ತಪಾಸಣೆಯ ಬೆಳಿಗ್ಗೆ ತಿಂಡಿ ಬಿಟ್ಟು ಹೋಗುವುದೂ ಅದೇ ಸುಳ್ಳು. ಎಷ್ಟು ತೂಕ ಏರಬೇಕೆಂಬುದು ಬಸಿರಿಗೆ ಮುಂಚಿನ ನಿಮ್ಮ ಮೈಕಟ್ಟಿನ ಮೇಲಿದೆ. ತೆಳ್ಳಗಿದ್ದವರಿಗೆ ಹೆಚ್ಚು, ದಪ್ಪಗಿದ್ದವರಿಗೆ ಕಡಿಮೆ. ನಿಮ್ಮ ಲೆಕ್ಕವನ್ನು ನರ್ಸನ್ನೇ ಕೇಳಿ. ಇಬ್ಬರಿಗಾಗುವಷ್ಟು ಉಣ್ಣಬೇಡಿ, ತೂಕ ಇಳಿಸಲು ಹಸಿದಿರಬೇಡಿ. ಮುಖ, ಕೈ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ತಪಾಸಣೆಯ ದಿನಕ್ಕೆ ಕಾಯಬೇಡಿ. ಹೆಲ್ಕಾ ಕಾದ ಎರಡು ದಿನ ಅವಳಿಗೆ ಇನ್ನು ಸಿಗುವುದಿಲ್ಲ. ನಿಮ್ಮವು ಇನ್ನೂ ನಿಮ್ಮ ಕೈಯಲ್ಲಿವೆ, ಇವತ್ತೇ ಹೋಗಿ.